ಓಡುವ ಅಕ್ಷರದ ‘ನಿಧಾನ’

ಬೋರ್ಡು ಬರೆಯುವವನಿಗೆ ಬರುತ್ತಿದ್ದದ್ದು ಒಂದೇ ಬಗೆಯ ಅಕ್ಷರ. ಬಳುಕಿಲ್ಲ, ಕುಸುರಿಯಿಲ್ಲ, ಅಡ್ಡಡ್ಡಕ್ಕೆ ಭಾರೀ ಅಗಲ, ಹೊರಟ ಬಸ್ಸಿನ ಹಿಂದೆ ಓಡುವವರ ಹಾಗೆ ಮುಂದಕ್ಕೆ ವಾಲಿದ್ದು. ಹನ್ನೊಂದು ವರ್ಷ ತಲೆ ಕೆಡಿಸಿಕೊಂಡು ತಾನೇ ರೂಪಿಸಿದ್ದ. ಬೈಕಿನ ಶೋರೂಮು, ಜಿಮ್ಮು, ಕೊರಿಯರ್ ಆಫೀಸು, ಹೀಗೆ ಆತುರ ಇದ್ದವರೆಲ್ಲ ಅವನ ಬಾಗಿಲಿಗೇ ಬರುತ್ತಿದ್ದರು.

ಅವನ ಅಕ್ಕನ ಕೆಲಸ ಶಾಲೆಯ ಮುಂದೆ ಸೀಟಿ ಊದಿ ಮಕ್ಕಳನ್ನು ರಸ್ತೆ ದಾಟಿಸುವುದು. ಗಾಡಿಗಳು ಅವಳ ಸೀಟಿಗೆ ಕ್ಯಾರೇ ಅನ್ನುತ್ತಿರಲಿಲ್ಲ. ವಾರದೊಳಗೆ ವೇಗ ತಗ್ಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದುಬಿಟ್ಟರು ಹೆಡ್‌ಮೇಡಂ.

“ನಿಧಾನವಾಗಿ ಚಲಿಸಿ ಅಂತ ಒಂದು ಬೋರ್ಡು ಬರ್ಕೊಡೋ. ನನ್ನ ಕೆಲಸ ಉಳಿಸು,” ಎಂದಳು ಅಕ್ಕ.

ಅವನು ಹೆಮ್ಮೆಯಿಂದ ಬರೆದುಕೊಟ್ಟ, ತನ್ನ ಅಕ್ಷರದಲ್ಲೇ. ಅದನ್ನು ಕಂಡ ಸ್ಕೂಟರುಗಳು ಇನ್ನೂ ಜೋರಾಗಿ ನುಗ್ಗಿದವು. ಹಾಲಿನ ವ್ಯಾನು ಪೈಪೋಟಿಗೆ ಬಿತ್ತು. ಊರುಗೋಲಿನ ಮುದುಕರೊಬ್ಬರು ಓದಿದ್ದೇ ತಡ ಓಟ ಕಿತ್ತರು. ತಿರುವಿನಲ್ಲಿ ನಾಲ್ಕು ಜನ ಸೇರಿ ಹಿಡಿದು ನಿಲ್ಲಿಸಬೇಕಾಯಿತು.

“ನೆಟ್ಟಗೆ ನಿಲ್ಲೋ ಅಕ್ಷರ ಬರೆದ್ರೆ ನಿನ್ನ ಗಂಟೇನೋ ಹೋಗುತ್ತೆ?”

“ನಂಗೆ ಬರಲ್ಲ ಕಣಕ್ಕಾ.”

ನಿಜಕ್ಕೂ ಬರುತ್ತಿರಲಿಲ್ಲ. ನೆಟ್ಟಗೆ ಬರೆದರೂ ಬಣ್ಣ ಒಣಗುವಷ್ಟರಲ್ಲಿ ಅಕ್ಷರಗಳು ತಾವೇ ವಾಲಿಕೊಳ್ಳುತ್ತಿದ್ದವು. ಅಕ್ಕನ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂದು ಆ ಬೋರ್ಡನ್ನು ಕಿತ್ತು ತಂದ.

ವಾಲುವುದನ್ನು ಬಿಡಿಸಲಾಗದಿದ್ದರೆ ಬೇಡ, ಇನ್ನಷ್ಟು ಹಿಗ್ಗಿಸಬಹುದಲ್ಲ! ಮೂರು ದಿನ ಊಟ ಬಿಟ್ಟು ಒಂದೊಂದು ಅಕ್ಷರವನ್ನೂ ಬಸ್ಸಿನುದ್ದ ಎಳೆದ. ಹೊಸ ಬೋರ್ಡು ಶಾಲೆಯ ಗೇಟಿನಿಂದ ಹೊರಟು, ಕ್ಷೌರದಂಗಡಿ, ಔಷಧಿ ಅಂಗಡಿ ದಾಟಿ, ಮೂಲೆ ತಿರುಗಿ ಅಂಚೆ ಕಚೇರಿಯ ಹತ್ತಿರ ಮುಗಿಯಿತು. ಏನು ಬರೆದಿದೆ ಎಂದು ತಿಳಿಯಲು ಜನ ಗಾಡಿ ನಿಲ್ಲಿಸಿ, ಇಳಿದು, ಕೊನೆಯವರೆಗೆ ನಡೆದು, ಅಷ್ಟರಲ್ಲಿ ಮೊದಲನೆಯದು ಮರೆತು ವಾಪಸ್ಸು ಬರುತ್ತಿದ್ದರು. ಮಕ್ಕಳು ಆರಾಮಾಗಿ ರಸ್ತೆ ದಾಟಿದರು.

ಹೆಡ್‌ಮೇಡಂ ಕಣ್ತುಂಬ ನೋಡಿದರು. “ಗಾಡಿಗಳು ತಾವೇ ನಿಲ್ತಾವಲ್ಲ, ಇನ್ನು ನೀನ್ಯಾಕಮ್ಮ?” ಎಂದು ಸೀಟಿ ಇಸಿದುಕೊಂಡು ಕಾರು ಹತ್ತಿದರು. ಅಕ್ಕ ಕಲ್ಲುಬೆಂಚಿನ ಮೇಲೆ ಕುಸಿದಳು. ತಮ್ಮನಿಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಆದರೆ ದಾರಿ ತುಂಬ ನಿಂತ ಗಾಡಿಗಳ ನಡುವೆ ಮೇಡಂ ಕಾರು ಕದಲಲಿಲ್ಲ. ನಿಂತವರು ಯಾರೂ ಓದಿ ಮುಗಿಸಿರಲಿಲ್ಲ. ಎರಡು ಗಂಟೆ ಹಾರ್ನು ಹೊಡೆದು ಸುಸ್ತಾಗಿ ಅವರೇ ಇಳಿದು ಬಂದು ಕೈಮುಗಿದರು. “ಅದೇನು ಬರೆದಿದೆಯೋ ಎಲ್ಲರಿಗೂ ಹೇಳಿ ಕಳಿಸಮ್ಮ. ದಿನಾ ಬಂದು ಹೇಳು.”

ಅಕ್ಕ ಸೀರೆ ಕೊಡವಿಕೊಂಡು ಎದ್ದಳು. ಮೊದಲ ಕಾರಿನ ಕಿಟಕಿಗೆ ಬಗ್ಗಿದಳು.

“ನಿಧಾನವಾಗಿ ಚಲಿಸಿ ಅಂತ ಇದೆ. ನನ್ನ ತಮ್ಮ ಬರೆದದ್ದು. ಹೊರಡಬಹುದು, ಆದ್ರೆ ಅರ್ಧ ನೋಡಿ ಹೋಗ್ಬೇಡಿ. ಆ ಕೊನೇ ಅಕ್ಷರ ಎಷ್ಟು ಚೆನ್ನಾಗಿದೆ ಗೊತ್ತಾ?”

ಅವನ ಅಕ್ಷರವನ್ನು ನಿಂತು ನೋಡಿ ಎಂದು ಈವರೆಗೆ ಯಾರೂ ಯಾರಿಗೂ ಹೇಳಿರಲಿಲ್ಲ. ಅವನು ಬಣ್ಣದ ಡಬ್ಬಿ ಕೆಳಗಿಟ್ಟು, ನಡುಬೀದಿಯಲ್ಲೇ ಜೋರಾಗಿ ಅತ್ತುಬಿಟ್ಟ.