ಎದೆಯೆತ್ತರದ ಸ್ಟ್ಯಾಂಡು

ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ ಮೇಲೆ ಮರಿಯಪ್ಪನ ಕೆಲಸಗಳೆಲ್ಲ ಒಂದೊಂದಾಗಿ ಹೆಂಡತಿ ಸರಸಮ್ಮನ ಕೈಗೆ ಹೋದವು. ಎಲ್ಲವನ್ನೂ ಸಹಿಸಿದ ಅವನಿಗೆ ಸೈಕಲ್ ರಿಪೇರಿಯೊಂದನ್ನು ಮಾತ್ರ ಸಹಿಸಲಾಗಲಿಲ್ಲ. ಸರಸಮ್ಮ ಅಂಗನವಾಡಿ ಟೀಚರು. ರಾಮನಗರದ ಅಂಚಿನ ಮನೆಯಿಂದ ಕೈಲಾಂಚದ ಕಡೆಯ ಹಳ್ಳಿಗೆ ದಿನಾ ಸೈಕಲ್ಲಿನಲ್ಲೇ ಹೋಗಿಬರುವವಳು. ಮರಿಯಪ್ಪ ಹಾಲಿನ ವ್ಯಾನ್ ಓಡಿಸುತ್ತಿದ್ದ ಕಾಲದಲ್ಲಿ ಆ ಸೈಕಲ್ಲನ್ನು ಅಂಗಡಿಯವರಿಗೆ ಮುಟ್ಟಗೊಡುತ್ತಿರಲಿಲ್ಲ. ಅಂಗಳದಲ್ಲಿ ತಲೆಕೆಳಗು ಮಾಡಿಕೊಂಡು ತಾನೇ ಕೂರುತ್ತಿದ್ದ. ಹೆಂಡತಿ ಸ್ಪ್ಯಾನರ್ ಎತ್ತಿಕೊಡಬೇಕು, ಅಷ್ಟೇ.

ಈಗ ಅವಳೇ ಕಲಿಯುತ್ತೇನೆಂದಳು. ಬಗ್ಗಿ ಬಗ್ಗಿ ಸೊಂಟ ಹಿಡಿಯುತ್ತದೆ, ಸೈಕಲ್ ಎತ್ತಿ ನಿಲ್ಲಿಸುವ ಸ್ಟ್ಯಾಂಡೊಂದು ತರೋಣ ಎಂದು ಅವನನ್ನೂ ಆಟೋದಲ್ಲಿ ಕೂರಿಸಿಕೊಂಡು ಶುಕೂರನ ಸೈಕಲ್ ಅಂಗಡಿಗೆ ಹೋದಳು.

ಶುಕೂರ್ ಎರಡು ಥರದ್ದು ತೋರಿಸಿದ. ಒಂದು ಗಿಡ್ಡ, ಹಿಂದಿನ ಚಕ್ರವನ್ನು ನೆಲದಿಂದ ಗೇಣುದ್ದ ಎತ್ತಿ ಹಿಡಿಯುವಂಥದ್ದು. ಇನ್ನೊಂದು ಸೀಟಿನ ಕೆಳಗಿನ ಕಂಬಿ ಕಚ್ಚಿ ಇಡೀ ಸೈಕಲ್ಲನ್ನು ಎದೆಯೆತ್ತರಕ್ಕೆ ನಿಲ್ಲಿಸುವಂಥದ್ದು.

ಮರಿಯಪ್ಪ ಗಿಡ್ಡದ್ದನ್ನು ಎಡಗೈಯಲ್ಲಿ ಸವರಿದ. ಇದಾದರೆ ಕುರ್ಚಿಯಲ್ಲಿ ಕೂತೇ ಪೆಡಲ್ ತಿರುಗಿಸಬಹುದು, ಚೈನಿಗೆ ಎಣ್ಣೆ ಬಿಡಬಹುದು.

"ಇದೇ ಸಾಕು ಕಣೆ," ಎಂದ.

"ಕೆಲ್ಸ ಮಾಡೋರು ಯಾರಣ್ಣ?" ಶುಕೂರ್ ಕೇಳಿದ.

"ನಾನೇ," ಎಂದಳು ಸರಸಮ್ಮ. "ಆ ಎತ್ತರದ್ದು ಕೊಡಪ್ಪ. ನಮ್ದು ಹಳೇ ಭಾರದ ಸೈಕಲ್ಲು, ತಡ್ಕತ್ತದಾ?"

"ಕಾಲು ಅಗಲ ಐತಕ್ಕ, ಬೀಳಾಕಿಲ್ಲ."

ಅವಳು ಪಕ್ಕದಲ್ಲಿ ನಿಂತು ತನ್ನ ಎದೆಗೆ ಅಳತೆ ನೋಡಿಕೊಂಡಳು. ಗಂಡನ ಕಡೆ ತಿರುಗಲಿಲ್ಲ. 'ನಿಮ್ಗೂ ಎಟುಕ್ತದಾ' ಎಂದು ಒಂದು ಮಾತು ಕೇಳಿದ್ದರೆ ಎತ್ತರದ್ದನ್ನೇ ತಗೋ ಅನ್ನುತ್ತಿದ್ದೆನಲ್ಲ ಎಂದು ಮರಿಯಪ್ಪ ಮನೆಗೆ ಮರಳುವ ದಾರಿಯುದ್ದಕ್ಕೂ ಕುದಿದ.

ಆ ಭಾನುವಾರ ಅವಳು ಸೈಕಲ್ಲನ್ನು ಸ್ಟ್ಯಾಂಡಿಗೇರಿಸಿ ಮುಂದಿನ ಬ್ರೇಕಿಗೆ ಹೊಸ ರಬ್ಬರು ಹಾಕಿದಳು. ಅದನ್ನು ಹಿಡಿದಿಡುವ ಒಂದು ನಟ್ಟನ್ನು ಬೆರಳಲ್ಲಿ ತಿರುಗಿಸಿದವಳು ಸ್ಪ್ಯಾನರ್ ಹಾಕಿ ಬಿಗಿ ಮಾಡುವುದನ್ನು ಮರೆತಳು. ಕುರ್ಚಿಯಿಂದ ಕತ್ತೆತ್ತಿ ನೋಡುತ್ತಿದ್ದ ಮರಿಯಪ್ಪನಿಗೆ ಅದು ಸ್ಪಷ್ಟವಾಗಿ ಕಂಡಿತು.

"ಒಸಿ ನೋಡ್ರಿ, ಸರಿಯಾಗೈತಾ?"

"ಎಲ್ಲಾ ಕಲ್ತ್ಬುಟ್ಟಿದ್ದೀಯಲ್ಲ. ಸರಿಯಾಗೈತೆ."

ಮರುದಿನ ಬೆಳಿಗ್ಗೆ ಅವಳು ಹೊರಟಾಗ ಕೂಗಿ ಹೇಳಿಬಿಡಬೇಕೆಂದು ಬಾಯಿ ತೆರೆದ. ಅವಳು ಬೆಲ್ ಹೊಡೆದುಕೊಂಡು ತಿರುವು ದಾಟುವವರೆಗೂ ಮಾತು ಹೊರಡಲಿಲ್ಲ.

ಇಳಿಜಾರಿನಲ್ಲಿ ಬ್ರೇಕ್ ಹಿಡಿದೊಡನೆ ರಬ್ಬರು ಕಳಚಿಹೋಯಿತು. ಸರಸಮ್ಮ ಮೋರಿಯ ಕಟ್ಟೆಗೆ ಬಡಿದು ಬಿದ್ದಳು. ಅಂಗನವಾಡಿ ಸಹಾಯಕಿ ಮುನಿರತ್ನಮ್ಮ ಅವಳ ಗದ್ದಕ್ಕೆ ಹೊಲಿಗೆ ಹಾಕಿಸಿ ಮನೆಗೆ ಕರೆತಂದಳು.

ಗಾಯ ಮಾಗಿದ ಮೇಲೆ ಸರಸಮ್ಮ ಸೈಕಲ್ಲನ್ನು ಮತ್ತೆ ಸ್ಟ್ಯಾಂಡಿಗೇರಿಸಿದಳು. ನಟ್ಟು ಇರಬೇಕಾದ ಜಾಗವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕುರ್ಚಿಯ ಕಡೆ ನೋಡಿದಳು.

"ನಿಮ್ಗೆ ಕಾಣ್ತಿತ್ತು, ಅಲ್ವಾ?"

ಮರಿಯಪ್ಪ ತಲೆ ತಗ್ಗಿಸಿದ. ಅವಳು ಬೈಯಲಿಲ್ಲ, ಅಳಲಿಲ್ಲ. ರಾತ್ರಿ ಎಂದಿನಂತೆ ಮುದ್ದೆ ಮುರಿದು, ಸಾರಲ್ಲಿ ಅದ್ದಿ ಅವನ ಬಾಯಿಗಿಟ್ಟಳು.

ಒಂದು ದಿನ ಅವಳು ಸೈಕಲ್ಲನ್ನು ಸ್ಟ್ಯಾಂಡಿಗೇರಿಸಿಕೊಂಡು ನಿಂತಿದ್ದಾಗ ಅವನು ತಾನಾಗಿಯೇ ಹೇಳಿದ: "ಸರಸೂ, ಚೈನ್ ಸಡ್ಲ ಆಗೈತೆ. ಹಿಂದಿನ ಚಕ್ರ ಒಸಿ ಹಿಂದಕ್ಕೆ ಎಳ್ಕೊ."

ಅದು ನಿಜವಾಗಿತ್ತು. ಅವಳು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು. ಸೈಕಲ್ ಇಳಿಸಿಕೊಂಡು, ಚೈನು ಸಡಿಲವಾಗಿರುವುದು ಹೌದೇ ಎಂದು ಶುಕೂರನನ್ನು ಕೇಳಿಕೊಂಡು ಬರಲು ತಳ್ಳಿಕೊಂಡೇ ಹೊರಟಳು.