ಸಂಗಮದ ನೀರು ಮತ್ತು ಜೀಪಿನ ಬ್ಯಾಟರಿ

ನಿಮ್ಮ ಗಾಡಿಯ ಬ್ಯಾಟರಿಗೆ ಕಳೆದ ಸಲ ಯಾವ ನೀರು ಹಾಕಿದಿರಿ? ಎದೆಯ ಮೇಲೆ ಕೈಯಿಟ್ಟು ಹೇಳಿ. ಬಾವಿಯದೋ, ನಳದ್ದೋ, ದನಗಳಿಗೆ ಇಟ್ಟ ಬಾನಿಯದೋ? ನೀರೆಲ್ಲ ಒಂದೇ ಎಂದು ನಂಬಿ ಬ್ಯಾಟರಿ ಕೆಡಿಸುವವರು ಓದು ಬಾರದವರಷ್ಟೇ ಅಲ್ಲ. ಓದಿದವರಿದ್ದಾರೆ, ಭಕ್ತರೂ ಇದ್ದಾರೆ. ಅಂದಾನಪ್ಪನವರು ಅಂಥ ಭಕ್ತರು.

ಹುನಗುಂದದಿಂದ ಹತ್ತು ಮೈಲಿ ದೂರದ ಹಳ್ಳಿಯಲ್ಲಿ ಅವರದೊಂದು ಬಾಡಿಗೆ ಜೀಪಿತ್ತು. ಪ್ರತಿ ಅಮಾವಾಸ್ಯೆಗೆ ಕೂಡಲಸಂಗಮಕ್ಕೆ ಹೋಗಿ ತಂಬಿಗೆ ತುಂಬ ಹೊಳೆಯ ನೀರು ತರುವರು. ಮನೆಮಂದಿಗೆ ಕೊಟ್ಟು, ಉಳಿದದ್ದನ್ನು ಬ್ಯಾಟರಿಯ ಆರೂ ಬಾಯಿಗೆ ಎರೆಯುವರು. ಅದಕ್ಕಿಂತ ಶುದ್ಧವಾದ ನೀರು ಲೋಕದಲ್ಲಿಲ್ಲ ಎಂಬುದು ಅವರ ನಂಬಿಕೆ.

೧೯೮೪ರಲ್ಲಿ ಅವರ ಮಗಳು ಗುರುಸಿದ್ದವ್ವ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತಳು. ಆ ಹಳ್ಳಿಯಲ್ಲಿ ಅಷ್ಟು ಓದಿದ ಮೊದಲ ಹುಡುಗಿ. "ನಪಾಸಾದ್ರ ಮದುವಿ ಮಾಡೂದ" ಎಂದು ಅಜ್ಜಿ ಹನಮವ್ವ ಖಡಾಖಂಡಿತ ಹೇಳಿಬಿಟ್ಟಿದ್ದರು.

ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ ಕೀಲಿ ಎಷ್ಟು ತಿರುಗಿಸಿದರೂ ಜೀಪು ಏಳಲಿಲ್ಲ. ಪರೀಕ್ಷೆ ನಡೆಯುವ ಹುನಗುಂದಕ್ಕೆ ಬಸ್ಸು ಇದ್ದದ್ದು ಮಧ್ಯಾಹ್ನ. ಓಣಿಯವರೆಲ್ಲ ಬಂದು ನೂಕಿದರು.

"ಲೇ ಅಂದಾನಿ, ಎತ್ತು ಕಟ್ಟೂನೇನಲೇ?" ಎಂದರು ನೆರೆಮನೆಯ ಶಂಕ್ರಪ್ಪ, ಬೆವರು ಒರೆಸಿಕೊಳ್ಳುತ್ತ.

"ನೂಕೋ ಮಾರಾಯಾ. ಬಾಯಿ ಆಮ್ಯಾಲ ಮಾಡೀಯಂತ."

ಇಳಿಜಾರಿನಲ್ಲಿ ಜೀಪು ಕೊನೆಗೂ ಎದ್ದಿತು. ಗುರುಸಿದ್ದವ್ವ ಪರೀಕ್ಷಾ ಕೋಣೆ ಹೊಕ್ಕಾಗ ಇಪ್ಪತ್ತೈದು ನಿಮಿಷ ಕಳೆದಿತ್ತು. ಇನ್ನೈದು ನಿಮಿಷ ತಡವಾಗಿದ್ದರೆ ಬಾಗಿಲು ಮುಚ್ಚುತ್ತಿತ್ತು. ನಾಡಿದ್ದು ಗಣಿತದ ಪರೀಕ್ಷೆ.

ಅಂದಾನಪ್ಪನವರು ನೇರವಾಗಿ ಅದೇ ಊರಿನ ಶಮಶಾದಬಿಯವರ ಬ್ಯಾಟರಿ ಅಂಗಡಿಗೆ ಹೋದರು. ಗಂಡ ತೀರಿದ ಮೇಲೆ ಅಂಗಡಿಯನ್ನು ಆಕೆಯೇ ನಡೆಸುತ್ತಿದ್ದರು. ಹೆಂಗಸಿಗೇನು ತಿಳಿದೀತು ಎನ್ನುವ ಗಂಡಸರು ಊರಲ್ಲಿ ಬೇಕಾದಷ್ಟಿದ್ದರು. ಅವರ ಗಾಡಿ ಕೆಟ್ಟಾಗ ಅವರೂ ಅಲ್ಲಿಗೇ ಬರುತ್ತಿದ್ದರು.

ಗಿರಾಕಿಗಳ ಸಾಲು ಕರಗಿ ಅಂದಾನಪ್ಪನವರ ಸರದಿ ಬಂದಾಗ ಮಧ್ಯಾಹ್ನವಾಗಿತ್ತು. ಆಕೆ ಬ್ಯಾಟರಿಯೊಳಗೆ ಬಗ್ಗಿ ನೋಡಿದರು. "ಏನ್ ಹಾಕೀಯಪಾ ತಮ್ಮಾ ಇದರಾಗ?"

"ಹಾಕಬಾರದ್ದೇನೂ ಹಾಕಿಲ್ರಿ ಅಕ್ಕಾರ. ಸಂಗಮದ ನೀರ."

"ಬ್ಯಾಟರಿಗೆ ದೀಕ್ಷಾ ಕೊಟ್ಟೀಯೇನು?"

ಅಂಗಡಿಯಲ್ಲಿದ್ದವರು ನಕ್ಕರು. ಅಂದಾನಪ್ಪನವರಿಗೆ ಸಿಟ್ಟು ಬಂತು. "ನೀವು ಮಾರೂ ನೀರು ಹೊಳಿ ನೀರಿಗಿಂತ ಹೆಚ್ಚಿಂದೇನ್ರಿ? ಸೀಸಾದಾಗ ತುಂಬಿದ ಕೂಡ್ಲೆ ಬ್ಯಾರೆ ಆಕ್ಕೈತೇನು? ಎಲ್ಲಾ ರೊಕ್ಕಾ ಕೀಳೂ ಆಟ."

ಶಮಶಾದಬಿ ವಾದಕ್ಕಿಳಿಯಲಿಲ್ಲ. ಜೀಪಿನಲ್ಲಿ ಇನ್ನೂ ಸ್ವಲ್ಪ ಹೊಳೆಯ ನೀರು ಉಳಿದಿದ್ದ ತಂಬಿಗೆ ತರಿಸಿದರು. ಎರಡು ಸ್ಟೀಲ್ ತಟ್ಟೆಗಳಲ್ಲಿ ಒಂದಕ್ಕೆ ಸಂಗಮದ ನೀರು, ಇನ್ನೊಂದಕ್ಕೆ ತಮ್ಮ ಸೀಸೆಯ ನೀರು ಹಾಕಿ ಸ್ಟೋವಿನ ಮೇಲಿಟ್ಟರು. ಅಷ್ಟರಲ್ಲಿ ಗುರುಸಿದ್ದವ್ವ ಪರೀಕ್ಷೆ ಮುಗಿಸಿ ಅಪ್ಪನನ್ನು ಹುಡುಕಿಕೊಂಡು ಬಂದು ನಿಂತಳು. ನೀರೆಲ್ಲ ಕುದಿದು ಆವಿಯಾಯಿತು. ಸಂಗಮದ ತಟ್ಟೆಯಲ್ಲಿ ಸುಣ್ಣ ಸವರಿದಂತೆ ಬಿಳಿಯ ಕಲೆ, ಇನ್ನೊಂದು ತೊಳೆದಿಟ್ಟಂತಿತ್ತು.

"ಹೊಳಿ ನೀರಾಗ ಸುಣ್ಣ, ಉಪ್ಪು, ಕಬ್ಬಿಣದ ಅಂಶ ಕರಗಿರ್ತಾವ. ಬ್ಯಾಟರಿ ಕಾದಾಗ ನೀರಷ್ಟ ಆವಿ ಆಗಿ ಹೋಗತೈತಿ, ಅವು ಒಳಗ ಉಳೀತಾವ. ನೀ ತಿಂಗಳ ತಿಂಗಳ ಎರದಿ, ಅವು ಕೂಡ್ಕೋತ ಬಂದ್ವು. ಒಳಗಿನ ಸೀಸದ ತಗಡು ಕೆಟ್ಟು ಹೋದ್ವು."

"ಕಾಸಿ ಆರಿಸಿ ಹಾಕಿದ್ರರಿ?" ಎಂದರು ಅಂದಾನಪ್ಪನವರು.

"ಕಾಸಿದ್ರ ಹುಳ ಸಾಯ್ತಾವ. ಉಪ್ಪು ಸಾಯ್ತೈತೇನು?"

ಮೂಲೆಯಲ್ಲಿದ್ದ ಎರಡು ಗಾಜಿನ ಕೊಳವೆಗಳನ್ನು ಆಕೆ ತೋರಿಸಿದರು. "ಅದರೊಳಗ ರಾಳದ ಸಣ್ಣ ಮಣಿ ಅದಾವ. ನೀರು ಹಾದು ಬರೂವಾಗ ಉಪ್ಪಿನ ಅಂಶ ಎಲ್ಲಾ ಮಣಿ ಹಿಡ್ಕೋತಾವ. ಡಿಅಯೊನೈಸ್ಡ್ ನೀರು ಅಂತಾರ. ನಾವು ಬ್ಯಾಟರಿ ನೀರು ಅಂತೀವಿ."

"ಕುಡೀಬಹುದೇನ್ರಿ ಅತ್ತೀ?" ಎಂದಳು ಗುರುಸಿದ್ದವ್ವ.

"ಕುಡಿಯಾಕಲ್ಲವ್ವಾ. ಮಣಿ ಉಪ್ಪು ಹಿಡೀತಾವ, ರೋಗದ ಹುಳ ಹಿಡಿಯೂದಿಲ್ಲ. ಆದ್ರ ಔಷಧದ ಕಾರ್ಖಾನಿಗೆ, ರಕ್ತ ತಪಾಸ ಮಾಡೂ ಕೋಣಿಗೆ, ಕರೆಂಟು ಮಾಡೂ ದೊಡ್ಡ ಬಾಯ್ಲರಿಗೆ ಇಂಥಾ ನೀರು ಬೇಕು. ಉಪ್ಪುಪ್ಪು ಸವಳ ನೀರು ಬಣ್ಣಾ ಹೆಂಗ ಕೆಡಿಸ್ತೈತಿ ಅಂತ ಇಳಕಲ್ಲ ಸೀರಿ ಬಣ್ಣದವ್ರನ್ನ ಕೇಳು."

ಆದರೆ ಜೀಪಿನ ಬ್ಯಾಟರಿಯ ಆಯುಷ್ಯ ಮುಗಿದಿತ್ತು. ಹೊಸದು ಬಾಗಲಕೋಟೆಯಿಂದ ಬರಲು ನಾಲ್ಕು ದಿನ. ಅಂದಾನಪ್ಪನವರು ಮಗಳ ಮುಖ ನೋಡಲಾರದೆ ನೆಲ ನೋಡಿದರು. ಶಮಶಾದಬಿ ತಮ್ಮ ಅಂಗಡಿಯ ಕೆಲಸಕ್ಕೆ ಇಟ್ಟುಕೊಂಡಿದ್ದ ಬ್ಯಾಟರಿಯ ತಂತಿ ಬಿಚ್ಚಿದರು.

"ಇದನ್ನ ಒಯ್ಯಿ. ಆಕಿ ಪರೀಕ್ಷಾ ಮುಗಿದ ಮ್ಯಾಲ ತಾ."

"ನಾ ನಿಮಗ ಭಾಳ ಅಂದ್ನಿರಿ ಅಕ್ಕಾರ."

"ಅಂದ್ರ ಅಂದಿ. ಇದಕ್ಕ ಹೊಳಿ ನೀರು ಮಾತ್ರ ಹಾಕಬ್ಯಾಡ."

ಗಣಿತದ ದಿನ ಜೀಪು ಒಂದೇ ಸಲಕ್ಕೆ ಎದ್ದಿತು. ಗುರುಸಿದ್ದವ್ವ ಗಂಟೆ ಬಾರಿಸುವ ಮೊದಲೇ ತನ್ನ ಜಾಗದಲ್ಲಿದ್ದಳು. ಬೇಸಿಗೆ ಕಳೆದು ಫಲಿತಾಂಶ ಬಂದು ಗುರುಸಿದ್ದವ್ವ ಪಾಸಾದಾಗ, ಪೇಢೆಯ ಮೊದಲ ಪೊಟ್ಟಣವನ್ನು ಹನಮವ್ವ ಶಮಶಾದಬಿಯವರ ಅಂಗಡಿಗೆ ತಾವೇ ಒಯ್ದರು. "ನಮ್ಮ ಹುಡುಗೀನ ಮುಂದ ಓದಸ್ತೇವಿ. ನಿನ್ನ ಉಪಕಾರ ಮರಿಯೂದಿಲ್ಲವ್ವಾ" ಎಂದು ಆಕೆಯ ಎರಡೂ ಕೈ ಹಿಡಿದರು. ಕಲಿಸಿದವರ ಋಣವನ್ನು ಮರೆಯುವುದು ಅಧರ್ಮ. ಆ ಮನೆಯವರು ಮರೆಯಲಿಲ್ಲ.

ಓದುಗರೇ, ಹೊಳೆಯ ಮೇಲಿನ ಭಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಭಕ್ತಿಯ ಹೆಸರಿನ ಆಲಸ್ಯವನ್ನು ಮಾತ್ರ ಕ್ಷಮಿಸಲಾರೆವು. ನಿಮ್ಮ ಗಾಡಿಯನ್ನು ನಂಬಿ ಯಾರೋ ಪರೀಕ್ಷೆಗೆ, ಯಾರೋ ದವಾಖಾನೆಗೆ ಹೊರಟಿರುತ್ತಾರೆ. ಆದ್ದರಿಂದ ಇಂದೇ ಎಂಜಿನ್ ನಿಲ್ಲಿಸಿ, ಬಾಯಲ್ಲಿನ ಬೀಡಿ ಎಸೆದು, ಬ್ಯಾಟರಿಯ ಮುಚ್ಚಳ ತೆರೆಯಿರಿ. ಒಳಗಿನ ತಗಡುಗಳು ಒಣಗಿ ಕಂಡರೆ ಅವು ಮುಳುಗುವಷ್ಟು ಮಾತ್ರ ಬ್ಯಾಟರಿ ನೀರು ಹಾಕಿರಿ, ಆಮ್ಲ ಸೇರಿಸಬೇಡಿ. ಮತ್ತೆ ನೆರೆಯವನ ಬಾಗಿಲು ತಟ್ಟಿ, ಅವನ ಬ್ಯಾಟರಿಯನ್ನೂ ತೆರೆಸಿರಿ.