ಅಟ್ಲಾಸುಗಳ ಹಿಂದೆ

ನಮ್ಮ ಗ್ರಂಥಾಲಯದ ಎರಡನೇ ಮಹಡಿಯಲ್ಲಿ ಹದಿಹರೆಯದವರಿಗೆಂದೇ ಒಂದು ಕೋಣೆಯಿದೆ. ಅದು ನನ್ನ ಸುಪರ್ದಿ. ಎರಡು ಕಿಟಕಿ, ನಾಲ್ಕಾರು ಮೇಜು, ಕಿರುಗುಟ್ಟುವ ಒಂದು ಫ್ಯಾನು, ಮತ್ತು ಪ್ರಪಂಚದಲ್ಲಿ ಕಷ್ಟ ಇರುವುದು ತಮಗೊಬ್ಬರಿಗೇ ಎಂದು ನಂಬಿರುವ ಒಂದಷ್ಟು ಮಕ್ಕಳು. ಮಕ್ಕಳು ಎಂದರೆ ಅವರಿಗೆ ಮೂಗಿನ ತುದಿಗೇ ಕೋಪ ಬರುತ್ತದೆ, ಹಾಗಾಗಿ ಎದುರಿಗಿದ್ದಾಗ ಓದುಗರು ಎನ್ನುತ್ತೇನೆ.

ಆ ಓದುಗರಲ್ಲಿ ಒಬ್ಬಳು ನನ್ನ ಮಗಳು. ಹದಿನೈದು ವರ್ಷ. ಶಾಲೆ ಬಿಟ್ಟ ಮೇಲೆ ನೇರವಾಗಿ ಇಲ್ಲಿಗೆ ಬಂದು, ನನ್ನ ಕೆಲಸ ಮುಗಿಯುವವರೆಗೆ ಕಿಟಕಿ ಪಕ್ಕ ಕೂರುತ್ತಾಳೆ. ಬಂದ ಮೊದಲ ದಿನವೇ ಕರಾರು ಹಾಕಿದ್ದಳು: ಇಲ್ಲಿ ನಾನು ಅಮ್ಮ ಅಲ್ಲ, ಮೇಡಂ. ಊಟ ಮಾಡಿದೆಯಾ ಎಂದು ಕೇಳಬಾರದು, ಹಣೆಯ ಮೇಲಿನ ಕೂದಲು ಸರಿಮಾಡಬಾರದು, ಗೆಳತಿಯರ ಮುಂದೆ ಮನೆಯ ಹೆಸರಿನಿಂದ ಕೂಗಬಾರದು. ಹೆತ್ತವಳಿಗೆ ಒಳ್ಳೇ ಬಡ್ತಿ ಸಿಕ್ಕಿತು ಎಂದು ಅಟೆಂಡರ್ ಅಣ್ಣ ನಕ್ಕಿದ್ದ. ನನಗೆ ಮೈ ಉರಿದಿತ್ತು, ಆದರೂ ಒಪ್ಪಿಕೊಂಡೆ.

ಈ ಕೋಣೆಯ ಓದುಗರು ಕೆಲವು ಪುಸ್ತಕಗಳನ್ನು ಮನೆಗೆ ಒಯ್ಯುವುದಿಲ್ಲ. ಮೈಯಲ್ಲಿ ಆಗುವ ಬದಲಾವಣೆಯ ಬಗ್ಗೆ, ಪ್ರೀತಿಯ ಬಗ್ಗೆ, ಕುಡಿಯುವ ಅಪ್ಪಂದಿರ ಬಗ್ಗೆ ಇರುವಂಥವು. ಇಲ್ಲೇ ಕದ್ದು ಓದಿ, ಬೇರೆಯವರ ಕೈಗೆ ಸಿಗದಂತೆ ಯಾವುದೋ ಕಪಾಟಿನ ಹಿಂದೆ ತುರುಕಿ ಹೋಗುತ್ತಾರೆ. ಬೇರೆ ಯಾರಾದರೂ ಆಗಿದ್ದರೆ ಸಂಜೆ ಎಲ್ಲವನ್ನೂ ಹೆಕ್ಕಿ ಅದರದರ ಜಾಗಕ್ಕೆ ಸೇರಿಸುತ್ತಿದ್ದರು. ನಾನು ಸೇರಿಸುವುದಿಲ್ಲ. ಬಚ್ಚಿಟ್ಟ ಪುಸ್ತಕ ನಾಳೆ ಬಚ್ಚಿಟ್ಟವರಿಗೆ ಅಲ್ಲೇ ಸಿಗಬೇಕು. ಯಾರು ಇಟ್ಟರು ಎಂದು ಇಣುಕುವುದೂ ಇಲ್ಲ. ಯಾರ ಅಪ್ಪ ಬಂದು ಮೇಜು ಗುದ್ದಿದರೂ ನನ್ನ ಬಾಯಿಗೆ ಬೀಗ, ಅದು ಕೋಣೆಯವರಿಗೆಲ್ಲ ಗೊತ್ತು.

ಒಂದು ಸಂಜೆ ಧೂಳು ಒರೆಸುವಾಗ ದೊಡ್ಡ ಅಟ್ಲಾಸುಗಳ ಹಿಂದೆ ವೈದ್ಯಕೀಯ ವಿಶ್ವಕೋಶದ ಒಂದು ಸಂಪುಟ ಸಿಕ್ಕಿತು. ಕೆಳಗಿನ ಮಹಡಿಯಿಂದ ಹೊತ್ತು ತಂದದ್ದು, ಇಟ್ಟಿಗೆಯಷ್ಟು ಭಾರ. ನಡುವೆ ಗುರುತಿಗೆ ಬಸ್ ಟಿಕೆಟ್ ಇತ್ತು. ನೋಡಬಾರದಿತ್ತು, ನೋಡಿದೆ. ಗಂಟುಗಳು ಮತ್ತು ಗೆಡ್ಡೆಗಳು ಎಂಬ ಅಧ್ಯಾಯ. ನನ್ನ ಅಕ್ಕ ತೀರಿಕೊಂಡದ್ದು ಅಂಥದ್ದೇ ಒಂದು ಗಂಟಿನಿಂದ. ಆ ಮಾತು ಬಂದರೆ ಇವತ್ತಿಗೂ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. ಮನೆಯವರು ಆ ಮಾತು ಎತ್ತುವುದನ್ನೇ ಬಿಟ್ಟಿದ್ದಾರೆ.

ಆ ಇಟ್ಟಿಗೆಯಲ್ಲಿ ಹುಡುಕಿದರೂ ಒಂದು ಸಮಾಧಾನದ ಸಾಲು ಸಿಗುವಂತಿರಲಿಲ್ಲ. ಹಾಗಾಗಿ ಅದರ ಪಕ್ಕದಲ್ಲಿ ಹರೆಯದವರಿಗಾಗಿಯೇ ಬರೆದ ತೆಳುವಾದ ಒಂದು ಆರೋಗ್ಯದ ಪುಸ್ತಕ ಇಟ್ಟೆ. ಒಳಗೊಂದು ಚೀಟಿ: ಎದುರು ರಸ್ತೆಯ ಕ್ಲಿನಿಕ್ಕಿನಲ್ಲಿ ಲೇಡಿ ಡಾಕ್ಟರ್ ಇದ್ದಾರೆ, ಬೈಯುವುದಿಲ್ಲ. ಮರುದಿನ ನೋಡಿದರೆ ಬಸ್ ಟಿಕೆಟ್ ತೆಳು ಪುಸ್ತಕಕ್ಕೆ ವರ್ಗವಾಗಿತ್ತು.

ಅಲ್ಲಿಂದ ನನ್ನ ನಿಯಮ ನಾನೇ ಮುರಿದೆ. ಬಂದವರನ್ನೆಲ್ಲ ಕಳ್ಳಗಣ್ಣಿನಿಂದ ನೋಡತೊಡಗಿದೆ. ಸದಾ ಕೆಮ್ಮುವ ಉದ್ದ ಹುಡುಗಿ ಇರಬಹುದೇ? ಯಾರ ಜೊತೆಯೂ ಮಾತಾಡದ ಕನ್ನಡಕದವಳೇ? ಕಿಟಕಿ ಪಕ್ಕದವಳ ಕಡೆ ಮಾತ್ರ ನೋಡಲಿಲ್ಲ. ಮಗಳಿಗೆ ಏನಾದರೂ ಆದರೆ ತಾಯಿಗೆ ಗೊತ್ತಾಗದೇ ಇರುತ್ತದೆಯೇ ಎಂಬ ಜಂಬ.

ಆ ವಾರದ ಕೊನೆಯಲ್ಲಿ ಒಂದು ದಿನ ಎಲ್ಲರೂ ಬೇಗ ಜಾಗ ಖಾಲಿ ಮಾಡಿದ್ದರು. ಮಗಳು ಕೌಂಟರಿಗೆ ಬಂದು ನಿಂತಳು.

"ಮೇಡಂ, ಒಂದು ವಿಷಯ ಕೇಳ್ಬೇಕಿತ್ತು."

ನನಗೆ ನಗು. ಕರಾರಿನಂತೆ ಗಂಭೀರವಾಗಿ, ಕೇಳಿ ಎಂದೆ.

"ಇಲ್ಲಿ ಹೇಳಿದ್ದನ್ನ ನೀವು ಯಾರಿಗೂ ಹೇಳಲ್ಲ ಅಲ್ವಾ?"

"ಯಾರಿಗೂ ಹೇಳಲ್ಲ."

"ನಮ್ಮಮ್ಮನಿಗೂ?"

ಆಗ ಅವಳ ಕೈಯಲ್ಲಿದ್ದ ತೆಳು ಪುಸ್ತಕ ಕಂಡಿತು. ಬಸ್ ಟಿಕೆಟ್ಟಿನ ತುದಿ ಹೊರಗೆ ಇಣುಕುತ್ತಿತ್ತು. ಕೌಂಟರ್ ಹಾರಿ ಅವಳನ್ನು ತಬ್ಬಿಕೊಳ್ಳಬೇಕು ಅನಿಸಿತು, ಯಾಕೆ ಮುಚ್ಚಿಟ್ಟೆ ಎಂದು ಒಂದು ಏಟು ಹಾಕಬೇಕು ಅಂತಲೂ ಅನಿಸಿತು. ಆದರೆ ಅವಳು ಹುಡುಕಿಕೊಂಡು ಬಂದದ್ದು ಮೇಡಂ ಅನ್ನು. ಈ ಗಳಿಗೆಯಲ್ಲಿ ನಾನು ಅಮ್ಮ ಆದರೆ ಅವಳು ಬಾಯಿ ಮುಚ್ಚಿಕೊಂಡು ಹೋಗಿಬಿಡುತ್ತಾಳೆ. ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಅಮ್ಮನಿಗೂ ಹೇಳಲ್ಲ."

ಕಂಕುಳಲ್ಲಿ ಒಂದು ಗಂಟು ಎದ್ದಿದೆ, ಒತ್ತಿದರೆ ನೋಯುತ್ತದೆ, ದಿನ ಕಳೆದರೂ ಇಳಿದಿಲ್ಲ ಎಂದು ನೆಲ ನೋಡಿಕೊಂಡೇ ಹೇಳಿದಳು. ಆಮೇಲೆ ತಲೆಯೆತ್ತಿದಳು.

"ಅಮ್ಮನಿಗೆ ಗೊತ್ತಾದ್ರೆ ಕುಸಿದುಬಿಡ್ತಾಳೆ ಮೇಡಂ. ದೊಡ್ಡಮ್ಮನಿಗೂ ಹೀಗೇ ಶುರುವಾಗಿತ್ತಂತೆ."

ನನ್ನ ದನಿ ನಡುಗಲಿಲ್ಲ. ಹೇಗೆ ನಡುಗಲಿಲ್ಲವೋ ಇವತ್ತಿಗೂ ತಿಳಿಯದು. ಪುಸ್ತಕ ಹಿಂದಿರುಗಿಸುವ ನಿಯಮ ಹೇಳುವವಳಂತೆ, ಗಂಟುಗಳಲ್ಲಿ ನೂರೆಂಟು ಬಗೆ ಇವೆ, ಯಾವುದು ಎಂದು ಹೇಳಬೇಕಾದವರು ಡಾಕ್ಟರು, ದೊಡ್ಡವರು ಯಾರಾದರೂ ಜೊತೆಗೆ ಹೋದರೆ ಒಳ್ಳೆಯದು ಎಂದೆ.

"ನೀವು ಬರ್ತೀರಾ, ಮೇಡಂ?"

ಅಟೆಂಡರ್ ಅಣ್ಣನ ಕೈಗೆ ಬೀಗದ ಕೈ ಕೊಟ್ಟೆ. ಇಬ್ಬರೂ ಎದುರು ರಸ್ತೆಯ ಕ್ಲಿನಿಕ್ಕಿಗೆ ಹೊರಟೆವು. ಜೀಬ್ರಾ ಪಟ್ಟಿ ದಾಟುವಾಗ ಅವಳ ಕೈ ಹಿಡಿಯಲು ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

ಡಾಕ್ಟರಮ್ಮ ನರೆಗೂದಲಿನವರು, ಮಾತು ಚುರುಕು. ಮುಟ್ಟಿ, ಒತ್ತಿ ನೋಡಿ, ರೇಜರ್ ಬಳಸುತ್ತೀಯಾ ಎಂದು ಕೇಳಿದರು. ಮಗಳ ಮುಖ ಕಿವಿಯವರೆಗೂ ಕೆಂಪಾಯಿತು. ಅಪ್ಪನದ್ದು, ಎಂದಳು ಪಿಸುದನಿಯಲ್ಲಿ. ನನ್ನ ಗಂಡ ಬ್ಲೇಡು ಇಷ್ಟು ಬೇಗ ಮೊಂಡಾಗುತ್ತದೆ ಎಂದು ಅಂಗಡಿಯವನಿಗೆ ತಿಂಗಳಿಡೀ ಹಿಡಿಶಾಪ ಹಾಕುತ್ತಿದ್ದರು.

ಕೂದಲಿನ ಬುಡಕ್ಕೆ ಸೋಂಕಾಗಿ ಗಂಟಾಗಿದೆ, ಅಷ್ಟೇ. ಮಾತ್ರೆ ನುಂಗಿ ಬಿಸಿ ಶಾಖ ಕೊಟ್ಟರೆ ಇಳಿಯುತ್ತದೆ, ಇಳಿಯದಿದ್ದರೆ ಇನ್ನೊಮ್ಮೆ ಬಾ ಎಂದರು. ಅವಳು ದೊಡ್ಡಮ್ಮನ ಕಥೆ ಹೇಳಿದಳು. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡು, ಇದು ಅದಲ್ಲ ಮಗು ಎಂದು ಎರಡು ಸಲ ಹೇಳಿದರು. ನಾನು ಜೋರಾಗಿ ಅಬ್ಬಾ ಎಂದುಬಿಟ್ಟೆ. ಅದನ್ನು ಅವರು ಗಮನಿಸಿರಬೇಕು.

"ನೀವು ಇವಳಿಗೆ ಏನಾಗ್ಬೇಕು?"

"ನಾನು ಲೈಬ್ರರಿ..." ಎಂದು ಶುರುಮಾಡಿದೆ. ಮಾತು ಕೊಟ್ಟಿದ್ದೆನಲ್ಲ.

"ನಮ್ಮಮ್ಮ," ಎಂದಳು ಮಗಳು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಷ್ಟು ಸಾಕಾಯಿತು. ಕಣ್ಣೀರು ಧಾರಾಕಾರವಾಗಿ ಇಳಿಯಿತು. ಡಾಕ್ಟರಮ್ಮ ಪೇಷಂಟನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ನೀನು ಕುಸಿದುಬಿಡ್ತೀಯ ಅಂದ್ಕೊಂಡಿದ್ದೆ ಎಂದು ಮಗಳು ಅಳುತ್ತಲೇ ನಕ್ಕಳು. ಕುಸಿಯುವುದಿದ್ದರೂ ಕೆಲಸ ಮುಗಿಸಿಯೇ ಕುಸಿಯುತ್ತೇನೆ ಎಂದೆ.

ಮನೆಯ ದಾರಿಯಲ್ಲಿ ಅವಳ ಹಣೆಯ ಕೂದಲನ್ನು ಸರಿಮಾಡಿದೆ. ಅವಳು ತಲೆ ಕೊಡವಲಿಲ್ಲ. ಗೇಟಿನ ಹತ್ತಿರ ಬಂದಾಗ ನನ್ನ ತೋಳು ಜಗ್ಗಿದಳು.

"ಅಮ್ಮ, ರೇಜರ್ ವಿಷಯ ಅಪ್ಪನಿಗೆ ಹೇಳ್ಬೇಡ."

"ಅದಕ್ಕೆ ನಾಳೆ ಕೌಂಟರಿಗೆ ಬಂದು ಮೇಡಂನ ಕೇಳು," ಎಂದೆ.